ಕೊನೇ ಸಾಲು

ಒಂಬತ್ತನೇ ವಯಸ್ಸಿಗೆ ನನಗೆ ಸಿಕ್ಕ ಪಾತ್ರ
ಪರದೆ ಹಿಡಿಯುವುದು.
ಒಂದು ತುದಿ ನಾನು, ಇನ್ನೊಂದು ತುದಿ ಬೀರೇಶ,
ಹಳೇ ಸೀರೆಯ ಹಿಂದೆ
ಕಿರೀಟ ಹೊತ್ತು ಉಸಿರು ಬಿಗಿಹಿಡಿದ ಯಾವುದೋ ದೇಶದ ರಾಜ.
ಆ ಭಾರಕ್ಕೆ ಅವನ ಕುತ್ತಿಗೆಯ ನರ ಅದುರುವುದನ್ನು
ಅಷ್ಟು ಹತ್ತಿರದಿಂದ ಕಂಡವರು ಊರಲ್ಲಿ ನಾವಿಬ್ಬರೇ.

ಹೆಣ್ಣುಮಗೂಗೆ ಮೂಡಲಪಾಯ ಯಾಕೆ ಅಂದರು ಹಿರಿಯರು.
ಭಾಗವತ ಪುಟ್ಟಸಿದ್ದಯ್ಯ ಎಲೆಅಡಿಕೆ ಉಗಿದು
'ಗಂಟಲಿಗೆ ಗಂಡು ಹೆಣ್ಣು ಏನ್ರಲಾ' ಅಂದು
ನನ್ನನ್ನು ಹಿಮ್ಮೇಳಕ್ಕೆ ತಂದು ನಿಲ್ಲಿಸಿದ.
ಮುಖವೀಣೆಯವನ ಕೆನ್ನೆ ಉಬ್ಬೋದನ್ನ ನೋಡು ಮಗಾ,
ರಾಗ ಆಮ್ಯಾಕೆ.

ಕಲಿಸಿದ್ದು ಹೀಗೆ:
ಬಾಣಾವರದ ಕಡೆಯ ನಮ್ಮ ಕೆರೆ, ಏರಿಯ ಈ ತುದಿಗೆ ನಾನು,
ಆ ತುದಿಗೆ, ತೂಬಿನ ಹತ್ತಿರ, ಭಾಗವತನ ಹೆಂಡತಿ ದೊಡ್ಡನಿಂಗಮ್ಮ,
ಕೈಯಲ್ಲಿ ಲಾಂದ್ರ.
ಪದದ ಕೊನೇ ಅಕ್ಷರ ಕೇಳಿಸಿದರೆ ಲಾಂದ್ರ ಎತ್ತುವಳು.
ಕೇಳಿಸದಿದ್ದರೆ ಕತ್ತಲು.
ಎಷ್ಟು ರಾತ್ರಿ ಕತ್ತಲು!
ರಾಗಿಗಂಜಿಯೂ ಇಳಿಯದಂತೆ ಗಂಟಲು ಹರಿದುಕೊಂಡೆ.
'ಕೂಗಬ್ಯಾಡ, ಕೊಡು' ಅನ್ನುತ್ತಿದ್ದ ಮುದುಕ.
ಅದು ತಲೆಗೆ ಹತ್ತಲು ಎರಡು ಸುಗ್ಗಿ ಬೇಕಾಯಿತು.
ಮೊದಲ ಸಲ ಲಾಂದ್ರ ಮೇಲಕ್ಕೆದ್ದಾಗ
ನೀರೊಳಗಿನ ಲಾಂದ್ರ ಅಷ್ಟೇ ಕೆಳಕ್ಕೆ ಇಳಿಯಿತು.

ಒಮ್ಮೆ ರಾಣಿ ಪಾತ್ರದ ತಿಮ್ಮೇಗೌಡನ ಗಂಟಲು
ನಡುರಾತ್ರಿ ಕೈಕೊಟ್ಟಿತು.
ಅವನು ತುಟಿಯಾಡಿಸಿದ, ಹಿಂದೆ ನಿಂತು ನಾನು ಹಾಡಿದೆ.
ಬೆಳಗ್ಗೆ ಜನ ಅವನ ಕೈಗೆ ಹತ್ತರ ನೋಟು ಇಟ್ಟರು.
ನಾನು ಒಲೆಯ ಹಿಂದೆ ಕೂತು ಅತ್ತೆ.
'ಇದನ್ನ ನುಂಗೋದೇ ಹಿಮ್ಮೇಳ ಕಣವ್ವಾ'
ಎಂದ ಭಾಗವತ, ನನ್ನ ತಟ್ಟೆಗೆ ಬೆಲ್ಲ ಹಾಕುತ್ತ.

ಈಗ ಹಾಸನದಲ್ಲಿ ಒಂದು ರಂಗಮಂದಿರದ ಕೀಲಿಗೊಂಚಲು ನನ್ನದು.
ಎಂಟುನೂರ ಹನ್ನೆರಡು ಕುರ್ಚಿ, ಮುರಿದವು ಮೂವತ್ತೊಂದು.
ಜನರೇಟರಿಗೆ ಡೀಸೆಲ್, ಇಲಿ ಕಡಿದ ತೆರೆ,
ಆಡಿಟ್‌ನವರ ಕೆಂಪು ಟಿಕ್ಕು,
ಸನ್ಮಾನದಲ್ಲಿ ಯಾರ ಹಾರ ದಪ್ಪ ಎಂಬ ಜಗಳ.
'ಆಡಳಿತ ಎಲ್ಲಿ ಕಲಿತಿರಿ ಮೇಡಂ?'
ಕೇಳಿದ ಹೊಸದಾಗಿ ಬಂದ ಹುಡುಗ ಅಧಿಕಾರಿ.
ಪರದೆ ಹಿಡೀತಿದ್ದೆ ಅಂದೆ.
ನಕ್ಕ. ನಾನೂ ನಕ್ಕೆ.

ಮೊನ್ನೆಯ ಸಭೆಗೆ ಮಕ್ಕಳ ಹಿಮ್ಮೇಳ ಶಾಲೆಯ ಬಾಬ್ತು ಬಂತು.
ವರ್ಷಕ್ಕೆ ಎರಡೂವರೆ ಲಕ್ಷ, ಹದಿನೇಳು ಮಕ್ಕಳು.
'ಇದರಿಂದ ಏನು ಬರುತ್ತೆ?'
ಅಧ್ಯಕ್ಷ ವೀರಭದ್ರಪ್ಪನವರು ಕನ್ನಡಕ ತೆಗೆದು
ಉಸಿರು ಒಳಕ್ಕೆಳೆದರು.
ಆ ಉಸಿರು ನನಗೆ ಗೊತ್ತು,
ಮಾತು ಇನ್ನೂ ಮುಗಿಯದವರ ಉಸಿರು.
ನಾನು ಬಾಯಿ ಬಿಡಲಿಲ್ಲ.
ಮದ್ದಳೆ ಒಂದು ಸುತ್ತು ಒಂಟಿಯಾಗಿ ಹೋಗಲಿ ಎಂಬಂತೆ
ಮೇಜಿನ ಕೆಳಗೆ ಹೆಬ್ಬೆರಳು ಗೆಣ್ಣು ಎಣಿಸುತ್ತಿತ್ತು.
ಏಳನೇ ಪೆಟ್ಟಿಗೆ ಅವರೇ ಅಂದರು:
'ನಮ್ಮಜ್ಜ ಸ್ತ್ರೀವೇಷ ಹಾಕ್ತಿದ್ದ.
ಮನೇಲಿ ಯಾರೂ ಆ ವಿಷಯ ಎತ್ತಲ್ಲ.'
ಫ್ಯಾನು ತಿರುಗಿತು.
ಅರ್ಧ ಉಳಿಯಿತು. ಒಂದೂಕಾಲು ಲಕ್ಷ.
ಗೆಲುವೇನಲ್ಲ. ಯಾವ ಎಂಟು ಮಕ್ಕಳನ್ನು ಬಿಡಿಸಲಿ ಎಂದು
ಪಟ್ಟಿ ಹಿಡಿದರೆ ಹೆಸರು ಕಾಣುವುದಿಲ್ಲ,
ಒಂದೊಂದು ಗಂಟಲು ಕೇಳಿಸುತ್ತದೆ.

ರಾತ್ರಿ ಎಲ್ಲರೂ ಹೋದ ಮೇಲೆ
ರಂಗದ ನಡುವೆ ನಿಂತು ಹಳೆಯದೊಂದು ದ್ವಿಪದಿ ತೆಗೆದೆ.
ಐವತ್ತಮೂರರ ಗಂಟಲು, ದಿನವಿಡೀ ಫೈಲಿನ ಧೂಳು ಕುಡಿದದ್ದು.
ಕೊನೇ ಸಾಲಿನಲ್ಲಿ ವಾಚ್‌ಮನ್ ದಸ್ತಗೀರ್ ಸಾಹೇಬರು
ತೊಡೆಯ ಮೇಲೆ ಟಾರ್ಚು ಇಟ್ಟುಕೊಂಡು ಕೂತಿದ್ದರು.
ಲಾಂದ್ರದ ಕತೆ ಅವರಿಗೆ ಎಂದೋ ಹೇಳಿದ್ದೆ.

ಟಾರ್ಚು ಏಳಲಿಲ್ಲ.

'ಚೆನ್ನಾಗೈತೆ ಮೇಡಮ್ಮೋರೆ. ಆದ್ರೆ
ಕೊನೇ ಅಕ್ಷರ ನೀವೇ ಇಟ್ಕೊಂಡ್ರಿ.'

ಹೌದಲ್ಲ.
ಕೀಲಿಗೊಂಚಲು ಹಲಗೆಯ ಮೇಲಿಟ್ಟೆ.
ಮತ್ತೆ ಮೊದಲಿಂದ.